ಮಧ್ಯಯುಗದ ಇಂಗ್ಲೆಂಡಿನ ಪಟ್ಟಣವೊಂದರ ಹುಟ್ಟನ್ನೂ ಸ್ವಯಮಾಡಳಿತವನ್ನೂ ಹಂತ ಹಂತವಾಗಿ ಅರಿಯುವುದು ಹೇಗೆ?

ಇತಿಹಾಸದ ವಿದ್ಯಾರ್ಥಿಗಳೂ, ಇಂಗ್ಲೆಂಡಿನಲ್ಲಿ ನೆಲೆಸಿ ಹಳೆಯ ಕೋಟೆಗೋಡೆಗಳ ಪಕ್ಕದಲ್ಲೇ ದಿನವೂ ಓಡಾಡುವ ಕನ್ನಡಿಗರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಈ ಪಟ್ಟಣ ಯಾವಾಗ ಹುಟ್ಟಿತು, ತನ್ನ ಆಡಳಿತವನ್ನು ತಾನೇ ನಡೆಸುವ ಅಧಿಕಾರ ಇದಕ್ಕೆ ಯಾವ ವರ್ಷ ದೊರೆಯಿತು? ಇದರೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಎರಡನೆಯದಕ್ಕೆ ಒಂದೇ ಒಂದು ವರ್ಷವನ್ನು ಉತ್ತರವಾಗಿ ಕೊಡಲು ಬಹುತೇಕ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಇಂಗ್ಲೆಂಡಿನ ಪಟ್ಟಣಗಳು ಸ್ವಾತಂತ್ರ್ಯವನ್ನು ಒಂದೇ ದಿನ ಇಡಿಯಾಗಿ ಪಡೆಯಲಿಲ್ಲ. ಒಂದೊಂದು ಹಕ್ಕನ್ನು ಬೇರೆ ಬೇರೆಯಾಗಿ, ಹೆಚ್ಚಿನ ಸಲ ಹಣ ತೆತ್ತು, ಎರಡು ಮೂರು ಶತಮಾನಗಳ ಅವಧಿಯಲ್ಲಿ ಸಂಪಾದಿಸಿದವು. ಆದ್ದರಿಂದ ನೀವು ಕಟ್ಟಬೇಕಾಗಿರುವುದು ಹಕ್ಕುಗಳ ಪಟ್ಟಿಯೊಂದನ್ನು. ಈ ಲೇಖನ ಅದನ್ನು ಕಟ್ಟುವ ಕ್ರಮವನ್ನು ವಿವರಿಸುತ್ತದೆ.

ಆರಂಭಿಸುವ ಮೊದಲು

ಒಂದು ಪಟ್ಟಣವನ್ನು ಆರಿಸಿಕೊಳ್ಳಿ. ಮೊದಲ ಪ್ರಯತ್ನಕ್ಕೆ ಲಂಡನ್ ಬೇಡ. ಅದು ಎಲ್ಲ ವಿಷಯದಲ್ಲೂ ಅಪವಾದವಾಗಿರುವುದರಿಂದ ಅಲ್ಲಿ ಕಲಿತದ್ದನ್ನು ಬೇರೆ ಊರಿಗೆ ಅನ್ವಯಿಸಲು ಹೋದರೆ ದಾರಿ ತಪ್ಪುತ್ತದೆ. ಲಿಂಕನ್, ಇಪ್ಸ್‌ವಿಚ್, ಲೆಸ್ಟರ್, ಬ್ರಿಸ್ಟಲ್, ಹಲ್ ಇವುಗಳಲ್ಲಿ ಯಾವುದಾದರೂ ಒಳ್ಳೆಯ ಆಯ್ಕೆ. ಬಳಿಕ ನಾಲ್ಕು ಸಾಮಗ್ರಿಗಳನ್ನು ಕೂಡಿಸಿಕೊಳ್ಳಿ: ಕೈಗಾರಿಕೆಗಳು ಬರುವುದಕ್ಕೆ ಮುಂಚಿನ ಪಟ್ಟಣದ ನಕಾಶೆ, ದೇಶದ ಭೂಮಿ ಮತ್ತು ವರಮಾನವನ್ನು ಅರಸ ಸಮೀಕ್ಷೆ ಮಾಡಿಸಿ ಬರೆಸಿದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಆ ಊರಿನ ಬಗ್ಗೆ ಇರುವ ಭಾಗ, ಅರಸರೋ ಒಡೆಯರೋ ಕೊಟ್ಟ ಸನ್ನದುಗಳ ಪಠ್ಯ, ಮತ್ತು ಪಟ್ಟಣವೇ ಬರೆದಿಟ್ಟುಕೊಂಡ ನ್ಯಾಯಾಲಯದ ಹಾಗೂ ಲೆಕ್ಕಪತ್ರದ ಸುರುಳಿಗಳು. ಮೂಲಗಳು ಹೆಚ್ಚಾಗಿ ಲ್ಯಾಟಿನ್ನಿನಲ್ಲಿದ್ದರೂ ಮುಖ್ಯ ಪಟ್ಟಣಗಳ ಸನ್ನದುಗಳು ಇಂಗ್ಲಿಷ್ ಅನುವಾದದೊಡನೆ ಅಚ್ಚಾಗಿವೆ. ಲ್ಯಾಟಿನ್ ಬಾರದೆಂದು ಹಿಂಜರಿಯಬೇಕಿಲ್ಲ.

ಕೆಲವು ಪದಗಳ ಪರಿಚಯ ಮೊದಲೇ ಆಗಲಿ. ವಿಶೇಷ ಹಕ್ಕುಗಳಿರುವ ಪಟ್ಟಣವನ್ನು ‘ಬರೋ’ ಎನ್ನುತ್ತಾರೆ. ಆ ಹಕ್ಕುಗಳಲ್ಲಿ ಪಾಲುಳ್ಳ ನಿವಾಸಿ ‘ಬರ್ಜೆಸ್’. ಪಟ್ಟಣದೊಳಗೆ ಅವನು ಹಣದ ಬಾಡಿಗೆ ತೆತ್ತು ಹೊಂದಿರುವ ನಿವೇಶನ ‘ಬರ್ಗೇಜ್’. ಕೌಂಟಿ ಎಂಬ ಜಿಲ್ಲೆಯಲ್ಲಿ ಅರಸನ ಪರವಾಗಿ ಕಂದಾಯ ವಸೂಲಿ ಮಾಡಿ ನ್ಯಾಯ ನಡೆಸುವ ಅಧಿಕಾರಿ ‘ಷೆರಿಫ್’. ಪಟ್ಟಣದ ಮಟ್ಟದಲ್ಲಿ ಅದೇ ಬಗೆಯ ಕೆಲಸ ಮಾಡುವವನು ‘ಬೇಲಿಫ್’. ಹಣದ ಲೆಕ್ಕವೂ ಗೊತ್ತಿರಲಿ: ಪೌಂಡಿಗೆ 20 ಷಿಲ್ಲಿಂಗ್, ಷಿಲ್ಲಿಂಗಿಗೆ 12 ಪೆನ್ನಿ. ದಾಖಲೆಗಳಲ್ಲಿ ಪದೇ ಪದೇ ಬರುವ ‘ಮಾರ್ಕ್’ ಚಲಾವಣೆಯ ನಾಣ್ಯವಲ್ಲ, ಲೆಕ್ಕದ ಮಾನ ಮಾತ್ರ. ಅದರ ಬೆಲೆ 13 ಷಿಲ್ಲಿಂಗ್ 4 ಪೆನ್ನಿ, ಅಂದರೆ ಪೌಂಡಿನ ಮೂರನೇ ಎರಡು ಭಾಗ. ಮಾರ್ಕನ್ನು ಪೌಂಡೆಂದು ಓದಿಕೊಂಡು ಲೆಕ್ಕ ಕೆಡಿಸಿಕೊಳ್ಳುವವರು ಬಹಳ.

1. ನೆಲದ ಗುರುತುಗಳಿಂದ ಮೂಲವನ್ನು ಪತ್ತೆಹಚ್ಚಿ

ನಕಾಶೆಯನ್ನು ಮುಂದಿಟ್ಟುಕೊಂಡು, ಈ ಜಾಗದಲ್ಲಿ ಜನ ಯಾತಕ್ಕಾಗಿ ಕೂಡಿದರು ಎಂದು ಕೇಳಿಕೊಳ್ಳಿ. ಊರಿನ ಹೆಸರು ಚೆಸ್ಟರ್ ಅಥವಾ ಕಾಸ್ಟರ್ ಎಂದು ಕೊನೆಗೊಂಡರೆ ಅಲ್ಲಿ ರೋಮನ್ನರ ಕೋಟೆಯೋ ಪಟ್ಟಣವೋ ಇದ್ದಿರುವ ಸಂಭವ ಹೆಚ್ಚು. ಆದರೆ ಅನೇಕರು ಎಡವುವುದು ಇಲ್ಲೇ. ಗೋಡೆ ಉಳಿದುಬಂದಿತೆಂದರೆ ಪಟ್ಟಣವೂ ಉಳಿದುಬಂದಿತು ಎಂದಲ್ಲ. 5ನೇ ಶತಮಾನದ ಆರಂಭದಲ್ಲಿ ರೋಮನ್ ಆಡಳಿತ ಕೊನೆಗೊಂಡ ಮೇಲೆ ಬ್ರಿಟನ್ನಿನಲ್ಲಿ ನಗರ ಜೀವನ ಬಹುಮಟ್ಟಿಗೆ ಕುಸಿದುಹೋಯಿತು. 7 ಮತ್ತು 8ನೇ ಶತಮಾನಗಳ ಲಂಡನ್ನಿನ ವ್ಯಾಪಾರ ನಡೆಯುತ್ತಿದ್ದುದು ರೋಮನ್ ಗೋಡೆಯ ಒಳಗಲ್ಲ, ಅದರ ಪಶ್ಚಿಮಕ್ಕೆ, ಇಂದಿನ ಸ್ಟ್ರ್ಯಾಂಡ್ ಮತ್ತು ಕೋವೆಂಟ್ ಗಾರ್ಡನ್ ಇರುವ ಕಡೆ ನದೀತೀರದಲ್ಲಿ ಬೆಳೆದಿದ್ದ ಲುಂಡೆನ್‌ವಿಕ್‌ನಲ್ಲಿ. ಇಂಥ ನದೀತೀರದ ವ್ಯಾಪಾರ ನೆಲೆಗಳು ಸೌತಾಂಪ್ಟನ್ನಿನಲ್ಲಿಯೂ ಇಪ್ಸ್‌ವಿಚ್‌ನಲ್ಲಿಯೂ ಯಾರ್ಕಿನಲ್ಲಿಯೂ ಇದ್ದವು.

ಎರಡನೆಯ ಬಗೆ ‘ಬರ್ಹ್’, ಅಂದರೆ ಕೋಟೆ ಕಟ್ಟಿದ ಊರು. ವೈಕಿಂಗರ ದಾಳಿಯನ್ನು ಎದುರಿಸಲು ವೆಸೆಕ್ಸಿನ ಅರಸ ಆಲ್ಫ್ರೆಡ್ (ಆಳ್ವಿಕೆ 871–899) ಮತ್ತು ಅವನ ಮಗ ಎಡ್ವರ್ಡ್ ಇಂಥ ಊರುಗಳ ಸರಣಿಯನ್ನೇ ಕಟ್ಟಿದರು. ಅವುಗಳ ರಕ್ಷಣೆಗೆ ಭೂಮಿಯನ್ನು ಹಂಚಿಕೊಟ್ಟ ಪಟ್ಟಿಯೊಂದು ಉಳಿದಿದೆ. ಆ ಪಟ್ಟಿಯ ಪ್ರಕಾರ ‘ಹೈಡ್’ ಎಂಬ ಭೂಮಾನಕ್ಕೆ ಒಬ್ಬ ಕಾವಲುಗಾರ, ‘ಪೋಲ್’ ಎಂಬ ಹದಿನಾರೂವರೆ ಅಡಿ ಗೋಡೆಗೆ ನಾಲ್ವರು. ವಿಂಚೆಸ್ಟರಿಗೆ ಗೊತ್ತುಮಾಡಿದ್ದು 2,400 ಹೈಡ್. ಲೆಕ್ಕ ಹಾಕಿದರೆ 600 ಪೋಲ್, ಅಂದರೆ 9,900 ಅಡಿ ಗೋಡೆ ಬರುತ್ತದೆ. ವಿಂಚೆಸ್ಟರಿನ ಗೋಡೆಯ ನಿಜವಾದ ಉದ್ದ ಇದಕ್ಕೆ ತೀರ ಹತ್ತಿರವಾಗಿದೆ. ಸಾವಿರ ವರ್ಷಗಳ ಹಿಂದಿನ ಆಡಳಿತವೊಂದರ ಅಂಕಿಯನ್ನು ಇಂದು ನೆಲದ ಮೇಲೆ ಅಳೆದು ತಾಳೆ ನೋಡಬಹುದೆಂಬುದು ಈ ಅಧ್ಯಯನದ ದೊಡ್ಡ ಆಕರ್ಷಣೆಗಳಲ್ಲಿ ಒಂದು. ಡೇನರ, ಅಂದರೆ ಡೆನ್ಮಾರ್ಕಿನಿಂದ ಬಂದ ವೈಕಿಂಗರ ವಶದಲ್ಲಿದ್ದ ಪ್ರದೇಶದಲ್ಲಿಯೂ ಡರ್ಬಿ, ಲೆಸ್ಟರ್, ಲಿಂಕನ್, ನಾಟಿಂಗ್‌ಹ್ಯಾಮ್, ಸ್ಟ್ಯಾಮ್‌ಫರ್ಡ್ ಎಂಬ ಐದು ಕೋಟೆಯೂರುಗಳು ಒಂದು ಗುಂಪಾಗಿದ್ದವು.

ಮಠದ ಅಥವಾ ದುರ್ಗದ ಹೆಬ್ಬಾಗಿಲಿನ ಮುಂದೆ ಬೆಳೆದ ಪೇಟೆಗಳು ಮೂರನೆಯ ಬಗೆ. ಬೆರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಎಡ್ವರ್ಡ್ ದ ಕನ್ಫೆಸರ್ ಅರಸನ (ಆಳ್ವಿಕೆ 1042–1066) ಕಾಲಕ್ಕೆ ಉಳುಮೆಯಲ್ಲಿದ್ದ ಹೊಲದ ಮೇಲೆ 1086ರ ವೇಳೆಗೆ 342 ಮನೆಗಳು ಎದ್ದಿದ್ದವೆಂದೂ, ಮಠವನ್ನು ಆಶ್ರಯಿಸಿ ರೊಟ್ಟಿ ಸುಡುವವರು, ಏಲ್ ಎಂಬ ಮದ್ಯ ತಯಾರಿಸುವವರು, ದರ್ಜಿಗಳು, ಬಟ್ಟೆ ಒಗೆಯುವವರು, ಅಡುಗೆಯವರು ವಾಸವಾಗಿದ್ದರೆಂದೂ ಡೂಮ್ಸ್‌ಡೇ ಹೇಳುತ್ತದೆ. ನಾಲ್ಕನೆಯ ಬಗೆ, ಒಡೆಯನೊಬ್ಬ ಲಾಭದ ಲೆಕ್ಕ ಹಾಕಿ ಹೊಸದಾಗಿ ನೆಟ್ಟ ಪಟ್ಟಣ. ವುಸ್ಟರಿನ ಬಿಷಪ್ 1196ರಲ್ಲಿ ಸ್ಟ್ರ್ಯಾಟ್‌ಫರ್ಡ್‌ನಲ್ಲಿಯೂ, ಜಾನ್ ಅರಸ 1207ರಲ್ಲಿ ಲಿವರ್‌ಪೂಲಿನಲ್ಲಿಯೂ ಮಾಡಿದ್ದು ಇದನ್ನೇ. ನೆಟ್ಟದ್ದೆಲ್ಲ ಬೇರೂರಲಿಲ್ಲ. ವಿಂಚೆಸ್ಟರಿನ ಬಿಷಪ್ 1256ರಲ್ಲಿ ವೈಟ್ ದ್ವೀಪದಲ್ಲಿ ಸ್ಥಾಪಿಸಿದ ನ್ಯೂಟೌನ್ ಇಂದು ಹುಲ್ಲುಗಾವಲಿನ ನಡುವೆ ಬೀದಿಗಳ ಗೆರೆ ಮಾತ್ರ ಉಳಿದಿರುವ ಪುಟ್ಟ ಹಳ್ಳಿ.

ಈ ಬಗೆಗಳಲ್ಲಿ ಒಂದನ್ನಷ್ಟೇ ಆರಿಸಿ ಉಳಿದವನ್ನು ಕೈಬಿಡಬೇಡಿ. ಪಟ್ಟಣದ ಮೂಲವೆಲ್ಲ ಕೋಟೆಯ ಪಡೆಯಲ್ಲಿದೆ ಎಂದೂ, ಅಲ್ಲ, ದೂರದೇಶದ ವ್ಯಾಪಾರಿಗಳಲ್ಲಿದೆ ಎಂದೂ, ಅಲ್ಲ, ವರ್ತಕರ ಸಂಘದಲ್ಲಿದೆ ಎಂದೂ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಲಿಂಕನ್‌ನಂಥ ಊರಿನಲ್ಲಿ ರೋಮನ್ ಗೋಡೆಯೂ ಡೇನರ ವ್ಯಾಪಾರವೂ 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ದುರ್ಗವೂ ಒಂದರ ಮೇಲೊಂದು ಕೂತಿರುವುದನ್ನು ಕಣ್ಣಾರೆ ಕಂಡವರಿಗೆ ಒಂದೇ ಮೂಲದ ಸಿದ್ಧಾಂತ ಒಪ್ಪಿಗೆಯಾಗುವುದು ಕಷ್ಟ.

2. 1086ರ ಸ್ಥಿತಿಯನ್ನು ದಾಖಲಿಸಿಕೊಳ್ಳಿ

ಡೂಮ್ಸ್‌ಡೇ ಸುಮಾರು 110 ಸ್ಥಳಗಳನ್ನು ಬರೋಗಳಾಗಿ ಕಾಣುತ್ತದೆ. ನಿಮ್ಮ ಊರಿನ ಭಾಗದಲ್ಲಿ ಮೂರು ಅಂಶಗಳನ್ನು ಹುಡುಕಿ: ಎಷ್ಟು ಮನೆಗಳು, ಅವುಗಳ ಬಾಡಿಗೆ ಯಾರಿಗೆ ಹೋಗುತ್ತಿತ್ತು, 1066ರಿಂದ ಏನು ಬದಲಾಯಿತು. ಲಿಂಕನ್‌ನಲ್ಲಿ ದುರ್ಗ ಕಟ್ಟಲೆಂದು 166 ಮನೆಗಳನ್ನು ಕೆಡವಲಾಯಿತು. ಅನೇಕ ಊರುಗಳ ವರಮಾನದಲ್ಲಿ ಎರಡು ಪಾಲು ಅರಸನಿಗೆ, ಮೂರನೆಯ ಪಾಲು ‘ಅರ್ಲ್’ ಎಂಬ ಪ್ರಾಂತೀಯ ಶ್ರೀಮಂತನಿಗೆ ಸೇರುತ್ತಿತ್ತು. ಲಂಡನ್ ಮತ್ತು ವಿಂಚೆಸ್ಟರಿನ ವಿವರಗಳು ಆ ದಾಖಲೆಯಲ್ಲಿ ಇಲ್ಲ. ಇಲ್ಲದ ಮಾತ್ರಕ್ಕೆ ಅವು ಮುಖ್ಯ ಪಟ್ಟಣಗಳಲ್ಲವೆಂದು ತೀರ್ಮಾನಿಸಬೇಡಿ. ಹಾಗೆಯೇ ಮನೆಗಳ ಎಣಿಕೆಯನ್ನು ಜನಸಂಖ್ಯೆಯೆಂದು ಓದಬೇಡಿ.

3. ಒಡೆಯ ಯಾರೆಂದು ಖಚಿತಪಡಿಸಿಕೊಳ್ಳಿ

ಇದೊಂದು ಚಿಕ್ಕ ಹಂತ. ಆದರೂ ಮುಂದಿನದೆಲ್ಲ ಇದನ್ನೇ ಅವಲಂಬಿಸಿದೆ. ಪಟ್ಟಣದ ಒಡೆಯ ಅರಸನೇ, ಅರ್ಲ್ ಆಗಿದ್ದನೇ, ಬಿಷಪ್ಪನೇ, ಮಠಾಧಿಪತಿಯೇ? ಅರಸನಿಗೆ ದಂಡಯಾತ್ರೆಗಳಿಗಾಗಿ ಸದಾ ಹಣ ಬೇಕಾಗಿದ್ದುದರಿಂದ, ಮತ್ತು ಅವನು ಊರಿನಲ್ಲಿಯೇ ಕುಳಿತಿರದಿದ್ದುದರಿಂದ, ಅವನ ಪಟ್ಟಣಗಳಿಗೆ ಹಕ್ಕುಗಳು ಬೇಗ ಸಿಕ್ಕವು. ಗೋಡೆಯಾಚೆಯೇ ವಾಸವಿದ್ದ, ತಲೆಮಾರು ಕಳೆದರೂ ಸಾಯದ ಮಠವೆಂಬ ಸಂಸ್ಥೆ ಒಡೆಯನಾಗಿದ್ದಲ್ಲಿ ಹಕ್ಕುಗಳು ತಡವಾಗಿ ಬಂದವು, ಇಲ್ಲವೇ ಬರಲೇ ಇಲ್ಲ.

4. ಬರ್ಗೇಜ್ ನಿವೇಶನಗಳನ್ನು ಅಳೆಯಿರಿ

ಪೇಟೆಯ ಬೀದಿಗೆ ಕಿರಿದಾದ ಮುಖವೊಡ್ಡಿ ಹಿಂದಕ್ಕೆ ಉದ್ದವಾಗಿ ಚಾಚಿರುವ ನಿವೇಶನಗಳು ನಕಾಶೆಯಲ್ಲಿ ಕಂಡರೆ ಅವು ಬರ್ಗೇಜ್‌ಗಳಾಗಿರುವ ಸಾಧ್ಯತೆಯಿದೆ. ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಬಿಷಪ್ ಕೊಟ್ಟ ನಿವೇಶನದ ಅಳತೆ ಹನ್ನೆರಡು ಪೋಲ್ ಉದ್ದ, ಮೂರೂವರೆ ಪೋಲ್ ಅಗಲ, ಅಂದರೆ ಸುಮಾರು 198 ಅಡಿಗೆ 58 ಅಡಿ. ವರ್ಷದ ಬಾಡಿಗೆ 12 ಪೆನ್ನಿ. ಅದೇ ಕಾಲದ ಹಳ್ಳಿಯ ಒಕ್ಕಲು ತನ್ನ ಒಡೆಯನ ಹೊಲದಲ್ಲಿ ವಾರಕ್ಕಿಷ್ಟು ದಿನ ಬಿಟ್ಟಿ ದುಡಿಯಬೇಕಿತ್ತು, ಮಗಳ ಮದುವೆಗೂ ದುಡ್ಡು ಕಟ್ಟಿ ಅಪ್ಪಣೆ ಪಡೆಯಬೇಕಿತ್ತು. ಬರ್ಜೆಸ್ ಕೊಡಬೇಕಾದದ್ದು ನಗದು ಬಾಡಿಗೆ ಮಾತ್ರ. ನಿವೇಶನವನ್ನು ಮಾರುವ, ಅಡವಿಡುವ, ಉಯಿಲು ಬರೆದು ಕೊಡುವ ಸ್ವಾತಂತ್ರ್ಯ ಸಾಮಾನ್ಯವಾಗಿ ಅವನಿಗಿತ್ತು. ಬಿಟ್ಟಿಯ ಒಕ್ಕಲೊಬ್ಬ ಪಟ್ಟಣಕ್ಕೆ ಬಂದು ಒಂದು ವರ್ಷ ಒಂದು ದಿನ ಬರ್ಜೆಸ್ ಆಗಿ ನೆಲೆಸಿದರೆ ಅಲ್ಲಿಯೇ ಉಳಿಯಬಹುದೆಂಬ ನಿಯಮ 12ನೇ ಶತಮಾನದಲ್ಲಿ ಬರೆದಿಟ್ಟ ನ್ಯೂಕಾಸಲ್‌ನ ಕಟ್ಟಳೆಗಳಲ್ಲಿದೆ. ಇದನ್ನು ಓದುವಾಗ ‘ಬರ್ಜೆಸ್ ಆಗಿ’ ಎಂಬ ಷರತ್ತನ್ನು ಬಿಡಬೇಡಿ. ಊರೊಳಗೆ ಒಂದು ವರ್ಷ ಅವಿತುಕೊಂಡಿದ್ದ ಮಾತ್ರಕ್ಕೆ ಬಿಡುಗಡೆ ಸಿಗುತ್ತಿರಲಿಲ್ಲ. ಊರವರು ಅವನನ್ನು ತಮ್ಮವನೆಂದು ಒಪ್ಪಬೇಕಿತ್ತು.

ಕಟ್ಟಳೆಗಳು ಊರಿಂದೂರಿಗೆ ಬೇರೆಯಾಗಿದ್ದವು. ನಾರ್ಮನ್ನರ ಆಕ್ರಮಣದ ಬಳಿಕ ನಾಟಿಂಗ್‌ಹ್ಯಾಮಿನಲ್ಲಿ ಇಂಗ್ಲಿಷರ ಬರೋ ಮತ್ತು ಫ್ರೆಂಚರ ಬರೋ ಎಂದು ಎರಡು ಭಾಗಗಳಾದವು. ಫ್ರೆಂಚ್ ಭಾಗದಲ್ಲಿ ತಂದೆಯ ಆಸ್ತಿ ಹಿರಿಯ ಮಗನಿಗೆ, ಇಂಗ್ಲಿಷ್ ಭಾಗದಲ್ಲಿ ಕಿರಿಯ ಮಗನಿಗೆ ಹೋಗುತ್ತಿತ್ತು. 12ನೇ ಶತಮಾನದ ಕೊನೆಯ ಕಾನೂನು ಗ್ರಂಥವೊಂದರ ಪ್ರಕಾರ ಬರ್ಜೆಸ್‌ನ ಮಗ ಪ್ರಾಪ್ತ ವಯಸ್ಕನಾಗುವುದು ಇಂತಿಷ್ಟು ವರ್ಷ ತುಂಬಿದಾಗಲ್ಲ, ಹಣ ಎಣಿಸಲು, ಬಟ್ಟೆ ಅಳೆಯಲು, ತಂದೆಯ ವ್ಯವಹಾರ ನೋಡಿಕೊಳ್ಳಲು ಬಲ್ಲವನಾದಾಗ.

ಬರ್ಗೇಜ್ ಇದ್ದಲ್ಲೆಲ್ಲ ಸ್ವಯಮಾಡಳಿತ ಇತ್ತೆಂದು ಭಾವಿಸುವುದು ಈ ವಿಷಯದಲ್ಲಿ ಅತಿ ಸಾಮಾನ್ಯವಾದ ತಪ್ಪು. ಮ್ಯಾಂಚೆಸ್ಟರಿನ ಒಡೆಯ 1301ರಲ್ಲಿ ತನ್ನ ಬರ್ಜೆಸ್‌ಗಳಿಗೆ ಸನ್ನದು ಕೊಟ್ಟಿದ್ದ. ಆದರೂ 1359ರಲ್ಲಿ ಅದು ಬರೋ ಅಲ್ಲ, ಸಂತೆಯ ಊರು ಮಾತ್ರ ಎಂಬ ತೀರ್ಪಾಯಿತು.

5. ಸನ್ನದನ್ನು ಹಕ್ಕು ಹಕ್ಕಾಗಿ ಬಿಡಿಸಿ

ಸನ್ನದನ್ನು ಒಟ್ಟಾಗಿ ಓದಿ ‘ಸ್ವಾತಂತ್ರ್ಯ ದೊರೆಯಿತು’ ಎಂದು ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಒಂದು ಹಾಳೆಯಲ್ಲಿ ಈ ಪ್ರಶ್ನೆಗಳನ್ನು ಬರೆದುಕೊಂಡು ಪ್ರತಿಯೊಂದರ ಮುಂದೆ ವರ್ಷವನ್ನು ತುಂಬುತ್ತ ಹೋಗಿ. ಬರ್ಜೆಸ್‌ಗಳಿಗೆ ದೇಶದ ಇತರ ಕಡೆಗಳಲ್ಲಿ ಸುಂಕದ ವಿನಾಯಿತಿ ಇತ್ತೇ? ತಮ್ಮ ವ್ಯಾಜ್ಯಗಳನ್ನು ಊರಿನ ನ್ಯಾಯಾಲಯದಲ್ಲಿಯೇ ತೀರ್ಮಾನಿಸಿಕೊಳ್ಳಬಹುದಿತ್ತೇ, ಇಲ್ಲ ಕೌಂಟಿಯ ನ್ಯಾಯಾಲಯಕ್ಕೆ ಅಲೆಯಬೇಕಿತ್ತೇ? ವರ್ತಕರ ಗಿಲ್ಡ್ ಇತ್ತೇ? ಕಂದಾಯವನ್ನು ತಾವೇ ಖಜಾನೆಗೆ ಕಟ್ಟುತ್ತಿದ್ದರೇ? ಅಧಿಕಾರಿಗಳನ್ನು ತಾವೇ ಚುನಾಯಿಸುತ್ತಿದ್ದರೇ?

ದ್ವಂದ್ವಯುದ್ಧದಿಂದ ವಿನಾಯಿತಿ ಇತ್ತೇ ಎಂಬುದನ್ನೂ ಸೇರಿಸಿಕೊಳ್ಳಿ. ನಾರ್ಮನ್ ಪದ್ಧತಿಯಂತೆ ವ್ಯಾಜ್ಯವನ್ನು ಕಕ್ಷಿದಾರರ ಕಾಳಗದಿಂದ ತೀರ್ಮಾನಿಸುವುದಿತ್ತು; ಲೆಕ್ಕಪತ್ರ, ಸಾಕ್ಷಿಗಳನ್ನು ನಂಬಿ ಬದುಕುವ ವ್ಯಾಪಾರಿಗಳಿಗೆ ಇದು ಅಸಹನೀಯವಾಗಿತ್ತು. ಭೂವ್ಯಾಜ್ಯಕ್ಕಾಗಿ ಇಬ್ಬರು ಬಂಧುಗಳು ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೂ ಕಾದಾಡಿದ್ದನ್ನು ಕಂಡ ಲೆಸ್ಟರಿನ ಜನ, ಇಂಥ ವ್ಯಾಜ್ಯಗಳನ್ನು ಇಪ್ಪತ್ತನಾಲ್ಕು ಮಂದಿ ಪ್ರಮಾಣಸ್ಥರು ತೀರ್ಮಾನಿಸುವಂತಾಗಲಿ ಎಂದು ಅರ್ಲ್‌ನನ್ನು ಕೇಳಿಕೊಂಡು, ಅದಕ್ಕೆ ಪ್ರತಿಯಾಗಿ ಮುಖ್ಯ ಬೀದಿಯ ಮನೆಗಳಿಂದ ವರ್ಷಕ್ಕೆ ಮೂರು ಪೆನ್ನಿ ಕೊಡಲೊಪ್ಪಿದರೆಂದು 1253ರ ವಿಚಾರಣೆಯೊಂದರಲ್ಲಿ ಊರವರು ನೆನಪಿಸಿಕೊಂಡರು. ಘಟನೆ ಹೇಳಿದಂತೆಯೇ ನಡೆಯಿತೋ ಇಲ್ಲವೋ, ಹಕ್ಕಿಗೊಂದು ಬೆಲೆಯಿದೆ ಎಂಬುದನ್ನು ಊರು ಹೇಗೆ ಅರ್ಥಮಾಡಿಕೊಂಡಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು.

ಗಿಲ್ಡ್ ಬಗ್ಗೆ ಒಂದು ಮಾತು. ವರ್ತಕರ ಗಿಲ್ಡ್ ಎಂದರೆ ಊರಿನೊಳಗೆ ಸುಂಕವಿಲ್ಲದೆ ಬಿಡಿ ವ್ಯಾಪಾರ ಮಾಡುವ ಹಕ್ಕುಳ್ಳವರ ಸಂಘ. ಲೆಸ್ಟರಿನ ಗಿಲ್ಡ್ ಸುರುಳಿಗಳು 1196ರಿಂದಲೇ ಉಳಿದಿವೆ. ಆದರೆ ಗಿಲ್ಡ್ ಮತ್ತು ಪಟ್ಟಣದ ಆಡಳಿತ ಒಂದೇ ಅಲ್ಲ. ಲಂಡನ್ನಿಗೆ ವರ್ತಕರ ಗಿಲ್ಡೇ ಇರಲಿಲ್ಲ. ಇತರ ಕಡೆ ಹೊರೂರಿನವರೂ ಗಿಲ್ಡಿನ ಸದಸ್ಯರಾಗಿದ್ದುದುಂಟು.

ಇನ್ನು ಸನ್ನದಿನ ವರ್ಷದ ವಿಷಯದಲ್ಲಿ ಎಚ್ಚರಿಕೆ ಬೇಕು. ಹೊಸ ಅರಸ ಬಂದಾಗಲೆಲ್ಲ ಪಟ್ಟಣಗಳು ಹಳೆಯ ಹಕ್ಕುಗಳನ್ನು ಮತ್ತೆ ಹಣ ಕೊಟ್ಟು ದೃಢೀಕರಿಸಿಕೊಳ್ಳುತ್ತಿದ್ದವು. ‘ತನ್ನ ಅಜ್ಜನ ಕಾಲದಲ್ಲಿ ಹೊಂದಿದ್ದಂತೆ’ ಎಂಬ ಮಾತು ಕಂಡರೆ ಹಕ್ಕು ಅದಕ್ಕಿಂತ ಹಳೆಯದು. ‘ಲಂಡನ್ನಿನ ನಾಗರಿಕರಿಗೆ ಇರುವಂತೆ’ ಎಂದಿದ್ದರೆ ಆ ಊರು ಲಂಡನ್ನನ್ನು ಮಾದರಿಯಾಗಿಟ್ಟುಕೊಂಡಿದೆ, ಸಂದೇಹ ಬಂದಾಗ ಅಲ್ಲಿಯ ಕಟ್ಟಳೆಯನ್ನು ವಿಚಾರಿಸುತ್ತಿತ್ತು ಎಂದರ್ಥ; ಆಕ್ಸ್‌ಫರ್ಡ್ ಹೀಗೆ ಮಾಡಿತು. ಹೆರಿಫರ್ಡ್‌ನಂಥ ಗಡಿಯ ಊರುಗಳು ನಾರ್ಮಂಡಿಯ ಬ್ರೆಟೊಯ್ ಎಂಬ ಪುಟ್ಟ ಪಟ್ಟಣದ ಕಟ್ಟಳೆಗಳನ್ನು ತಂದುಕೊಂಡವು. ಒಂದನೇ ಹೆನ್ರಿ ಲಂಡನ್ನಿಗೆ ಕೊಟ್ಟನೆನ್ನಲಾದ ಪ್ರಸಿದ್ಧ ಸನ್ನದು ಆ ರೂಪದಲ್ಲಿ ನಿಜವಾಗಿ ಅವನದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮೂಲಪ್ರತಿ ಇಲ್ಲದ ಸನ್ನದುಗಳನ್ನೆಲ್ಲ ಇಷ್ಟೇ ಎಚ್ಚರದಿಂದ ನೋಡಿ.

6. ಗುತ್ತಿಗೆಯ ಹಣವನ್ನು ಹಿಂಬಾಲಿಸಿ

ಸ್ವಯಮಾಡಳಿತದ ತಿರುಳು ಇರುವುದು ಇಲ್ಲಿ. ಪಟ್ಟಣದ ಬಾಡಿಗೆ, ಸುಂಕ, ದಂಡಗಳನ್ನು ಷೆರಿಫ್ ವಸೂಲಿ ಮಾಡಿ, ಮೊದಲೇ ಗೊತ್ತುಪಡಿಸಿದ ಇಡಿ ಮೊತ್ತವೊಂದನ್ನು ಅರಸನ ಖಜಾನೆಗೆ ಕಟ್ಟುತ್ತಿದ್ದ; ಮಿಕ್ಕಿದ್ದು ಅವನದು. ಹೆಚ್ಚು ಹಿಂಡಿದಷ್ಟೂ ಅವನಿಗೆ ಲಾಭ. ಆದ್ದರಿಂದ ಬರ್ಜೆಸ್‌ಗಳು ಅರಸನ ಬಳಿಗೇ ಹೋಗಿ, ಆ ಮೊತ್ತವನ್ನು ನಾವೇ ನೇರವಾಗಿ ಕಟ್ಟುತ್ತೇವೆ, ಷೆರಿಫ್ ನಮ್ಮೂರಿಗೆ ಕಾಲಿಡದಿರಲಿ ಎಂದು ಕೇಳತೊಡಗಿದರು. ಈ ಇಡಿ ಮೊತ್ತಕ್ಕೆ ಪಟ್ಟಣದ ‘ಫಾರ್ಮ್’ ಎಂದು ಹೆಸರು. ನಮ್ಮ ಗುತ್ತಿಗೆಯೆಂಬ ಮಾತು ಇದಕ್ಕೆ ಸರಿಹೊಂದುತ್ತದೆ.

ಇದನ್ನು ಪತ್ತೆಹಚ್ಚುವುದು ಖಜಾನೆಯ ವಾರ್ಷಿಕ ಲೆಕ್ಕದ ಸುರುಳಿಗಳಲ್ಲಿ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು 1130ರದು. ಅದರಲ್ಲಿ ಲಿಂಕನ್‌ನ ಬರ್ಜೆಸ್‌ಗಳು ನಗರವನ್ನು ನೇರವಾಗಿ ಅರಸನಿಂದಲೇ ಹೊಂದುವ ಸಲುವಾಗಿ 200 ಮಾರ್ಕ್ ಬೆಳ್ಳಿಯನ್ನೂ 4 ಮಾರ್ಕ್ ಚಿನ್ನವನ್ನೂ ಕೊಡಲು ಒಪ್ಪಿರುವುದು ನಮೂದಾಗಿದೆ. ಅದೇ ಸುರುಳಿಯಲ್ಲಿ ಲಂಡನ್ನಿನವರು ತಮ್ಮ ಷೆರಿಫ್‌ನನ್ನು ತಾವೇ ಆರಿಸಿಕೊಳ್ಳಲು 100 ಮಾರ್ಕ್ ತೆರುತ್ತಾರೆ. 1199ರಲ್ಲಿ ಜಾನ್ ಪಟ್ಟಕ್ಕೆ ಬಂದಾಗ ಷೆರಿಫ್ ಹುದ್ದೆಯನ್ನು ವರ್ಷಕ್ಕೆ 300 ಪೌಂಡಿನ ಗುತ್ತಿಗೆಗೆ ಮರಳಿ ಪಡೆಯಲು ಅದೇ ಲಂಡನ್ನಿನವರು ಕೊಟ್ಟ ಬೆಲೆ 3,000 ಮಾರ್ಕ್.

ಎರಡು ವಿಷಯ ಗಮನಿಸಿ. ಹಕ್ಕನ್ನು ಪಡೆಯಲು ಒಂದೇ ಸಲ ಕೊಡುವ ಹಣ ಬೇರೆ, ವರ್ಷ ವರ್ಷ ಕಟ್ಟುವ ಗುತ್ತಿಗೆ ಬೇರೆ. ಜೊತೆಗೆ ಆರಂಭದ ಗುತ್ತಿಗೆಗಳು ಅರಸನಿಗೆ ಮನಸ್ಸಿದ್ದಷ್ಟು ದಿನ ಮಾತ್ರ ನಡೆಯುತ್ತಿದ್ದವು. ಶಾಶ್ವತವಾದ ಗುತ್ತಿಗೆ ವ್ಯಾಪಕವಾಗಿ ಸಿಗತೊಡಗಿದ್ದು ಮೊದಲನೇ ರಿಚರ್ಡ್ ಮತ್ತು ಜಾನ್‌ರ ಕಾಲದಲ್ಲಿ, ಅಂದರೆ 1189ರ ನಂತರ, ಯುದ್ಧಗಳ ಖರ್ಚು ಖಜಾನೆಯನ್ನು ಬರಿದು ಮಾಡುತ್ತಿದ್ದಾಗ. ಆದ್ದರಿಂದ ನಿಮ್ಮ ಹಾಳೆಯಲ್ಲಿ ‘ಗುತ್ತಿಗೆ ಸಿಕ್ಕಿದ್ದು’ ಮತ್ತು ‘ಶಾಶ್ವತವಾದದ್ದು’ ಎಂದು ಎರಡು ಸಾಲುಗಳಿರಲಿ.

7. ಹಕ್ಕು ಆಡಳಿತವಾದದ್ದು ಹೇಗೆಂದು ನೋಡಿ: ಇಪ್ಸ್‌ವಿಚ್, 1200

ಸನ್ನದು ಬರಿಯ ಅನುಮತಿ. ಅದು ಬಂದ ಮೇಲೆ ಊರವರು ಏನು ಮಾಡಿದರು ಎಂಬುದು ಹೆಚ್ಚಿನ ಪಟ್ಟಣಗಳಲ್ಲಿ ದಾಖಲಾಗಿಲ್ಲ. ಇಪ್ಸ್‌ವಿಚ್‌ನಲ್ಲಿ ದಿನಾಂಕಗಳ ಸಮೇತ ದಾಖಲಾಗಿದೆ. ನಿಮ್ಮ ಊರು ಯಾವುದೇ ಆಗಿರಲಿ, ಇದನ್ನು ನಿಧಾನವಾಗಿ ಓದಿಕೊಳ್ಳಿ.

ಜಾನ್ ಅರಸ 1200ರ ಮೇ 25ರಂದು ಸನ್ನದು ಕೊಟ್ಟ. ಪಟ್ಟಣವನ್ನು ಬರ್ಜೆಸ್‌ಗಳೇ ಹಿಂದಿನ ಗುತ್ತಿಗೆಯ ಮೇಲೆ 100 ಷಿಲ್ಲಿಂಗ್ ಹೆಚ್ಚಿಗೆ ಕಟ್ಟಿ ಹೊಂದಬಹುದು, ಬೇಲಿಫರನ್ನೂ ಕರೋನರುಗಳನ್ನೂ ಚುನಾಯಿಸಬಹುದು. ಕರೋನರ್ ಎಂದರೆ ಅಸಹಜ ಸಾವುಗಳನ್ನು ವಿಚಾರಿಸುತ್ತ, ಅರಸನ ಹಿತಕ್ಕೆ ಸಂಬಂಧಿಸಿದ ಮೊಕದ್ದಮೆಗಳ ದಾಖಲೆಯಿಟ್ಟು ಬೇಲಿಫರ ಮೇಲೂ ಕಣ್ಣಿಡುವವನು. ಜೂನ್ 29ರಂದು ಊರಿನ ಸಮಸ್ತರು ಸೇಂಟ್ ಮೇರಿ ಅಟ್ ದ ಟವರ್ ಚರ್ಚಿನ ಅಂಗಳದಲ್ಲಿ ಸೇರಿ ಇಬ್ಬರು ಬೇಲಿಫರನ್ನೂ ನಾಲ್ವರು ಕರೋನರುಗಳನ್ನೂ ಆರಿಸಿದರು. ಇಂಗ್ಲೆಂಡಿನ ಇತರ ಸ್ವತಂತ್ರ ಬರೋಗಳಲ್ಲಿರುವಂತೆ ತಮಗೂ ಹನ್ನೆರಡು ಮಂದಿ ‘ಪೋರ್ಟ್‌ಮನ್’ ಎಂಬ ಮುಖಂಡರು ಇರಬೇಕೆಂದು ನಿರ್ಧರಿಸಿದರು. ಜುಲೈ 2ರ ಭಾನುವಾರ, ಪ್ರತಿ ಚರ್ಚ್ ವಠಾರದಿಂದ ನಾಲ್ವರಂತೆ ಆರಿಸಲ್ಪಟ್ಟವರು ಆ ಹನ್ನೆರಡು ಮಂದಿಯನ್ನು ಚುನಾಯಿಸಿದರು. ಹನ್ನೆರಡು ಮಂದಿ ಪ್ರಮಾಣ ಮಾಡಿದ ಮೇಲೆ ಊರವರೂ ಗ್ರಂಥದ ಮೇಲೆ ಕೈಯಿಟ್ಟು, ಅರಸನ ವಿರುದ್ಧವಾದದ್ದೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಇವರಿಗೆ ವಿಧೇಯರಾಗಿ ನೆರವಾಗುತ್ತೇವೆಂದು ಆಣೆಯಿಟ್ಟರು. ಸುಂಕ ವಸೂಲಿಯ ವ್ಯವಸ್ಥೆಯಾಯಿತು, ಊರಿಗೊಂದು ಸಾಮಾನ್ಯ ಮುದ್ರೆ ಮಾಡಿಸಲು ಆದೇಶವಾಯಿತು. ಅಕ್ಟೋಬರ್ 12ರಂದು ಹೊಸ ಮುದ್ರೆಯನ್ನು ಎಲ್ಲರಿಗೂ ತೋರಿಸಲಾಯಿತು. ಗಿಲ್ಡಿನ ಮುಖ್ಯಸ್ಥನನ್ನು ಆರಿಸಲಾಯಿತು.

ಮುದ್ರೆ ಏಕೆ ಅಷ್ಟು ಮುಖ್ಯ? ಒಬ್ಬ ವ್ಯಕ್ತಿಯ ಹೆಸರಿಗಲ್ಲದೆ ಇಡೀ ಊರಿನ ಹೆಸರಿಗೆ ಕರಾರು ಬರೆದುಕೊಡಲು, ಸಾಲ ಮಾಡಲು, ಭೂಮಿ ಗುತ್ತಿಗೆಗೆ ಕೊಡಲು ಅದೇ ಸಾಧನ. ನಿಮ್ಮ ಪಟ್ಟಣದ ಮೊದಲ ಮುದ್ರೆಯ ಕಾಲ ಗೊತ್ತಾದರೆ, ಊರು ತನ್ನನ್ನು ಒಂದು ಸಮುದಾಯವೆಂದು ಯಾವಾಗ ಕಂಡುಕೊಂಡಿತು ಎಂಬುದು ಸನ್ನದಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಈ ವರದಿಯನ್ನು ಪ್ರಜಾಪ್ರಭುತ್ವದ ಉದಯವೆಂದು ಸಂಭ್ರಮಿಸುವ ಮುಂಚೆ ಹೆಸರುಗಳ ಪಟ್ಟಿಯನ್ನೂ ಓದಿ. ಬೇಲಿಫರಾಗಿ ಆಯ್ಕೆಯಾದ ಇಬ್ಬರೇ ಕರೋನರುಗಳ ಪಟ್ಟಿಯಲ್ಲಿಯೂ ಇದ್ದಾರೆ. ಹನ್ನೆರಡು ಮಂದಿಯಲ್ಲಿಯೂ ಇದ್ದಾರೆ. ಇಡೀ ಊರು ಅಂಗಳದಲ್ಲಿ ನಿಂತು ಒಪ್ಪಿಗೆ ಕೊಟ್ಟದ್ದು ನಿಜ; ಅಧಿಕಾರ ಬೆರಳೆಣಿಕೆಯ ಸಿರಿವಂತರ ಕೈಯಲ್ಲಿ ನಿಂತದ್ದೂ ಅಷ್ಟೇ ನಿಜ.

ಮೇಯರ್ ಎಂಬ ಹುದ್ದೆ ಲಂಡನ್ನಿನಿಂದ ಹರಡಿತು. 1191ರಲ್ಲಿ, ರಿಚರ್ಡ್ ಅರಸ ದೇಶದಲ್ಲಿಲ್ಲದ ಹೊತ್ತು, ಅವನ ತಮ್ಮ ಜಾನ್ ಬೆಂಬಲಕ್ಕಾಗಿ ಲಂಡನ್ನಿನವರ ಪ್ರಮಾಣಬದ್ಧ ಒಕ್ಕೂಟವನ್ನು ಮಾನ್ಯಮಾಡಿದ. ಮೊದಲ ಮೇಯರ್ ಹೆನ್ರಿ ಫಿಟ್ಸ್ ಐಲ್ವಿನ್ 1212ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದ. ವರ್ಷಕ್ಕೊಮ್ಮೆ ಮೇಯರನ್ನು ಚುನಾಯಿಸುವ ಹಕ್ಕು ಬರಹದಲ್ಲಿ ದೊರೆತದ್ದು 1215ರ ಮೇ ತಿಂಗಳಲ್ಲಿ, ಮ್ಯಾಗ್ನಾ ಕಾರ್ಟಾಕ್ಕೆ ಕೆಲವು ವಾರಗಳ ಮುಂಚೆ.

8. ಹೊರಗಿದ್ದವರನ್ನು ಎಣಿಸಿ

ಊರಿನಲ್ಲಿ ವಾಸವಿದ್ದವರೆಲ್ಲ ಬರ್ಜೆಸ್‌ಗಳಲ್ಲ. ಆ ಸ್ಥಾನ ಸಿಗುತ್ತಿದ್ದುದು ಹುಟ್ಟಿನಿಂದ, ವೃತ್ತಿಯ ಶಿಷ್ಯತ್ವ ಮುಗಿಸಿದ್ದರಿಂದ, ಇಲ್ಲವೇ ಹಣ ಕೊಟ್ಟು. ಆಳುಗಳು, ಕೂಲಿಗಳು, ಬಾಡಿಗೆ ಕೋಣೆಯ ಬಡವರು ಇದರಿಂದ ಹೊರಗೆ. ವಿವಾಹಿತ ಮಹಿಳೆ ಲಂಡನ್ನಿನಲ್ಲಿ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡಿ ಅದರ ಸಾಲಕ್ಕೆ ತಾನೇ ಹೊಣೆಯಾಗಬಹುದಿತ್ತು. ಪಟ್ಟಣದ ಹುದ್ದೆಗಳು ಮಾತ್ರ ಗಂಡಸರವೇ. ಯಹೂದಿಗಳು ಅರಸನ ನೇರ ರಕ್ಷಣೆಯಲ್ಲಿದ್ದು ಪಟ್ಟಣದ ಸಮುದಾಯದಿಂದ ದೂರವೇ ಉಳಿದರು; 1190ರಲ್ಲಿ ಯಾರ್ಕಿನಲ್ಲಿ ಅವರ ಮೇಲೆ ನಡೆದ ಹತ್ಯಾಕಾಂಡವನ್ನೂ 1290ರಲ್ಲಿ ಇಡೀ ದೇಶದಿಂದ ಅವರನ್ನು ಹೊರಹಾಕಿದ್ದನ್ನೂ ಬಿಟ್ಟು ಈ ಪಟ್ಟಣಗಳ ಸ್ವಾತಂತ್ರ್ಯದ ಕಥೆಯನ್ನು ಬರೆಯುವುದು ನ್ಯಾಯವಲ್ಲ. 14 ಮತ್ತು 15ನೇ ಶತಮಾನಗಳಿಗೆ ಬಂದಂತೆ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಮಂದಿಯ ಸಮಿತಿಗಳು ತಮ್ಮ ತೆರವಾದ ಸ್ಥಾನಗಳನ್ನು ತಾವೇ ತುಂಬಿಕೊಳ್ಳುವ ವಾಡಿಕೆ ಹಬ್ಬಿತು.

9. ಸಿಗದ ಮತ್ತು ಕಳೆದುಹೋದ ಹಕ್ಕುಗಳನ್ನೂ ಬರೆಯಿರಿ

ಸೇಂಟ್ ಆಲ್ಬನ್ಸ್ ಪಟ್ಟಣದ ಜನ ತಮ್ಮ ಕಾಳನ್ನು ಮಠದ ಗಿರಣಿಯಲ್ಲಿಯೇ ಬೀಸಿಸಬೇಕಿತ್ತು. 1330ರ ದಶಕದಲ್ಲಿ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಮನೆಮನೆಯ ಬೀಸುಕಲ್ಲುಗಳನ್ನು ವಶಪಡಿಸಿಕೊಂಡು ಮಠದ ಕೋಣೆಯೊಂದಕ್ಕೆ ನೆಲಹಾಸಾಗಿ ಹಾಕಿಸಿದ. 1381ರ ರೈತದಂಗೆಯಲ್ಲಿ ಜನ ನುಗ್ಗಿ ಆ ಕಲ್ಲುಗಳನ್ನು ಕಿತ್ತು, ಒಡೆದು, ಚೂರುಗಳನ್ನು ಹಂಚಿಕೊಂಡರು. ಪುರಾತನ ಅರಸ ಓಫಾ ತಮಗೆ ಕೊಟ್ಟಿದ್ದನೆಂದು ನಂಬಿದ್ದ, ಚಿನ್ನದ ಮತ್ತು ನೀಲಿಯ ಅಕ್ಷರಗಳ ಸನ್ನದನ್ನು ಹೊರತೆಗೆಯಿರೆಂದು ಒತ್ತಾಯಿಸಿದರು. ಅಂಥ ಸನ್ನದು ಸಿಗಲಿಲ್ಲ. ಅವರ ನಾಯಕ ವಿಲಿಯಂ ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಲಾಯಿತು. ಪಟ್ಟಣಕ್ಕೆ ತನ್ನದೇ ಆಡಳಿತದ ಸನ್ನದು ಬಂದದ್ದು 1553ರಲ್ಲಿ, ಮಠವೇ ಇಲ್ಲವಾದ ಮೇಲೆ. ಬೆರಿ ಸೇಂಟ್ ಎಡ್ಮಂಡ್ಸ್‌ನ ಜನರೂ 1327ರಲ್ಲಿ ಮಠಕ್ಕೆ ನುಗ್ಗಿ ಬಲವಂತದಿಂದ ಸನ್ನದು ಬರೆಸಿಕೊಂಡಿದ್ದರು; ಅದು ಉಳಿಯಲಿಲ್ಲ, ಅವರು 1606ರವರೆಗೆ ಕಾಯಬೇಕಾಯಿತು.

ಅರಸನ ಪಟ್ಟಣಗಳಿಗೂ ಹಕ್ಕು ಶಾಶ್ವತ ಸ್ವತ್ತಾಗಿರಲಿಲ್ಲ. ಮೊದಲನೇ ಎಡ್ವರ್ಡ್ 1285ರಲ್ಲಿ ಲಂಡನ್ನಿನ ಸ್ವಾತಂತ್ರ್ಯಗಳನ್ನು ತನ್ನ ಕೈಗೆ ತೆಗೆದುಕೊಂಡು 1298ರವರೆಗೆ ತನ್ನ ಅಧಿಕಾರಿಯ ಮೂಲಕವೇ ನಗರವನ್ನು ಆಳಿದ. ಆದ್ದರಿಂದ ಹಾಳೆಯಲ್ಲಿ ಹಕ್ಕು ಸಿಕ್ಕ ವರ್ಷದ ಪಕ್ಕದಲ್ಲಿ, ಅದು ಅಮಾನತಾಗಿದ್ದ ವರ್ಷಗಳಿಗೂ ಜಾಗ ಬಿಡಿ.

10. ಕಾನೂನುಬದ್ಧ ಸಂಸ್ಥೆಯಾದ ಹಂತ

ಕೊನೆಯ ಮೆಟ್ಟಿಲು ‘ಇನ್‌ಕಾರ್ಪೊರೇಷನ್’. ಇದರಿಂದ ಪಟ್ಟಣ ಕಾನೂನಿನ ಕಣ್ಣಿನಲ್ಲಿ ಸದಸ್ಯರು ಸತ್ತರೂ ಅಳಿಯದ ಒಂದು ವ್ಯಕ್ತಿಯಾಗುತ್ತದೆ: ಭೂಮಿ ಹೊಂದಬಹುದು, ದಾವೆ ಹೂಡಬಹುದು, ದಾವೆಗೆ ಗುರಿಯಾಗಬಹುದು, ಮುದ್ರೆ ಇಟ್ಟುಕೊಳ್ಳಬಹುದು, ಒಳನಿಯಮಗಳನ್ನು ಮಾಡಬಹುದು. ಕೆಲವು ಪಟ್ಟಣಗಳು ಸುತ್ತಲಿನ ಕೌಂಟಿಯಿಂದ ಬೇರ್ಪಟ್ಟು ತಾವೇ ಕೌಂಟಿಗಳಾದವು. ಲಂಡನ್ನಿನ ಹೊರಗೆ ಈ ಸ್ಥಾನ ಮೊದಲು ಪಡೆದದ್ದು 1373ರಲ್ಲಿ ಬ್ರಿಸ್ಟಲ್. ಮೇಯರ್ ಮತ್ತು ‘ಆಲ್ಡರ್‌ಮನ್’ ಎಂಬ ಹಿರಿಯ ಸದಸ್ಯರ ಇದೇ ಚೌಕಟ್ಟನ್ನು ಈಸ್ಟ್ ಇಂಡಿಯಾ ಕಂಪನಿ 1688ರಲ್ಲಿ ಮದರಾಸಿಗೆ ತಂದಿತು ಎಂಬುದನ್ನು ನಮ್ಮ ಓದುಗರು ಗಮನದಲ್ಲಿಟ್ಟುಕೊಳ್ಳಬಹುದು.

ತುಂಬಿದ ಹಾಳೆ ಹೇಗಿರುತ್ತದೆಂದು ತಿಳಿಯಲು ಹಲ್ ಪಟ್ಟಣದ್ದನ್ನು ನೋಡಿ. ಮೋ ಮಠದ ಒಡೆತನದಲ್ಲಿದ್ದ ವೈಕ್ ಎಂಬ, ಮುಂದೆ ಹಲ್ ಆದ ಬಂದರನ್ನು ಮೊದಲನೇ ಎಡ್ವರ್ಡ್ ಕೊಂಡದ್ದು 1293. ಬರೋ ಎಂಬ ಸನ್ನದು ಸಿಕ್ಕಿದ್ದು 1299, ಆದರೆ ಆಡಳಿತ ಅರಸನ ಅಧಿಕಾರಿಯದೇ. ಮೇಯರನ್ನು ಚುನಾಯಿಸುವ ಹಕ್ಕು 1331. ಸಂಸ್ಥೆಯ ಸ್ಥಾನವೂ ಪ್ರತ್ಯೇಕ ಕೌಂಟಿಯ ಸ್ಥಾನವೂ 1440. ನಿಮ್ಮ ಊರಿನ ಹಾಳೆಯಲ್ಲಿ ಕೆಲವು ಸಾಲುಗಳು ಖಾಲಿ ಉಳಿದರೆ ಊಹೆಯಿಂದ ತುಂಬಬೇಡಿ, ಖಾಲಿಯಾಗಿಯೇ ಬಿಡಿ. ಹುಡುಕಾಟವನ್ನು 1835ಕ್ಕೆ ನಿಲ್ಲಿಸಬಹುದು. ಆ ವರ್ಷದ ಶಾಸನ ಹಳೆಯ ಆಡಳಿತ ಮಂಡಳಿಗಳನ್ನು ತೆಗೆದುಹಾಕಿ, ತೆರಿಗೆ ಕಟ್ಟುವವರು ಚುನಾಯಿಸುವ ಪುರಸಭೆಗಳನ್ನು 178 ಬರೋಗಳಲ್ಲಿ ಸ್ಥಾಪಿಸಿತು.